ಒಂದು ಅಗುಳು ಸಾಕೆ?

ಮನೆಗೆಂದು ಒಂದು ಯಂತ್ರವನ್ನು ಕೊಳ್ಳುವಾಗ ಎರಡು ಪ್ರಶ್ನೆಗಳು ಏಳುತ್ತವೆ. ಇದು ಏನು ಕೆಲಸ ಮಾಡುತ್ತದೆ ಎಂಬುದು ಮೊದಲನೆಯದು. ಎಷ್ಟು ಕಾಲ ಮಾಡುತ್ತದೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಅಂಗಡಿಯಲ್ಲಿಯೇ ಉತ್ತರ ದೊರೆಯುತ್ತದೆ. ಗುಂಡಿ ಒತ್ತಿದರೆ ಯಂತ್ರವೇ ಅದನ್ನು ಹೇಳುತ್ತದೆ. ಎರಡನೆಯದಕ್ಕೆ ಉತ್ತರ ಕೊಡಬಲ್ಲುದು ಕಾಲವೊಂದೇ. ಆದರೆ ಕಾಲವು ಉತ್ತರ ಹೇಳುವ ವೇಳೆಗೆ ಕೊಂಡವನ ಹಣ ಮಾರಿದವನ ಪೆಟ್ಟಿಗೆಯನ್ನು ಸೇರಿ ವರ್ಷಗಳೇ ಕಳೆದಿರುತ್ತವೆ. ಆದುದರಿಂದಲೇ ಜನರು ತಮಗಿಂತ ಮೊದಲು ಕೊಂಡವರ ಬಳಿಗೆ ಹೋಗಿ, “ನಿಮ್ಮಲ್ಲಿರುವುದು ಹೇಗೆ ನಡೆಯುತ್ತಿದೆ?” ಎಂದು ಕೇಳುತ್ತಾರೆ. ಬಳಸಿದವರ ಮಾತಿಗೆ ಜಾಹೀರಾತಿನ ಮಾತಿಗಿಂತ ಹೆಚ್ಚಿನ ಮನ್ನಣೆ ಎಲ್ಲ ದೇಶಗಳಲ್ಲಿಯೂ ಉಂಟು.

ಈ ಮಾತಿನ ನಿಜವಾದ ಬೆಲೆ ಎಷ್ಟು? ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಇದನ್ನು ವಿಚಾರ ಮಾಡುವುದಕ್ಕೆ ವಿಡಿಯೊ ಕ್ಯಾಸೆಟ್ ರೆಕಾರ್ಡರ್, ಅಂದರೆ ಜನರ ಬಾಯಲ್ಲಿ ವಿ.ಸಿ.ಆರ್. ಎನಿಸಿಕೊಂಡ ಯಂತ್ರವು ಒಳ್ಳೆಯ ಉದಾಹರಣೆಯಾಗಿದೆ. ಅದು ಹುಟ್ಟಿ, ಮನೆಮನೆಗಳಲ್ಲಿ ಮೆರೆದು, ಮರೆಯಾದ ಯಂತ್ರ. ಅದರ ಜಾತಕವನ್ನು ಆದಿಯಿಂದ ಅಂತ್ಯದವರೆಗೆ ಓದಲು ಇಂದು ಸಾಧ್ಯವಾಗಿದೆ.

ಚಲಿಸುವ ಚಿತ್ರವನ್ನು ಕಾಂತಪಟ್ಟಿಯ ಮೇಲೆ ಮುದ್ರಿಸುವ ಮೊದಲ ಯಶಸ್ವೀ ಯಂತ್ರವನ್ನು 1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆಯವರು ಪ್ರದರ್ಶಿಸಿದರು. ಅದರ ಟೇಪಿನ ಅಗಲವೇ ಎರಡು ಅಂಗುಲ. ಬೆಲೆ ಹತ್ತಾರು ಸಾವಿರ ಡಾಲರು. ದೂರದರ್ಶನ ಕೇಂದ್ರಗಳು ಮಾತ್ರ ಅದನ್ನು ಕೊಳ್ಳಬಲ್ಲವಾಗಿದ್ದವು. ಅದರ ಆರೈಕೆಗೆ ಅಲ್ಲಿ ಎಂಜಿನಿಯರುಗಳೂ ಇದ್ದರು. ಅಲ್ಲಿಂದ ಮುಂದೆ ಯಂತ್ರದ ಗಾತ್ರವೂ ಬೆಲೆಯೂ ಇಳಿಯುತ್ತ ಬಂದವು. 1972ರಲ್ಲಿ ಯುರೋಪಿನ ಫಿಲಿಪ್ಸ್ ಸಂಸ್ಥೆಯು ಮನೆಯ ಬಳಕೆಗೆಂದು ಕ್ಯಾಸೆಟ್ ಯಂತ್ರವೊಂದನ್ನು ಹೊರತಂದಿತು. 1975ರಲ್ಲಿ ಜಪಾನಿನ ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ಬಂದಿತು. ಮರುವರ್ಷ, 1976ರಲ್ಲಿ, ಜಪಾನಿನದೇ ಆದ ಜೆ.ವಿ.ಸಿ. ಸಂಸ್ಥೆಯು ವಿ.ಎಚ್.ಎಸ್. ಎಂಬ ಬೇರೊಂದು ಪದ್ಧತಿಯನ್ನು ಹೊರತಂದಿತು. ಒಂದರ ಕ್ಯಾಸೆಟ್ಟು ಇನ್ನೊಂದರಲ್ಲಿ ಹಿಡಿಸದು. ಆರಂಭದಲ್ಲಿ ಬೀಟಾಮ್ಯಾಕ್ಸಿನ ಕ್ಯಾಸೆಟ್ಟಿನಲ್ಲಿ ಒಂದು ಗಂಟೆಯ ಮುದ್ರಣ ಸಾಧ್ಯವಿತ್ತು, ವಿ.ಎಚ್.ಎಸ್.ನಲ್ಲಿ ಎರಡು ಗಂಟೆ. ಬೀಟಾಮ್ಯಾಕ್ಸಿನ ಚಿತ್ರವೇ ಹೆಚ್ಚು ನಿಚ್ಚಳವೆಂದು ಬಲ್ಲವರು ಹೇಳುತ್ತಿದ್ದರೂ, ಒಂದು ಪೂರ್ತಿ ಚಲನಚಿತ್ರವನ್ನು ಹಿಡಿಯಬಲ್ಲ ಕ್ಯಾಸೆಟ್ಟೇ ಜನರಿಗೆ ಹಿತವೆನಿಸಿತು. ಸ್ಪರ್ಧೆ ಹತ್ತು ವರ್ಷಗಳಿಗೂ ಮಿಕ್ಕಿ ನಡೆದು, ಕೊನೆಗೆ 1988ರಲ್ಲಿ ಸೋನಿ ಸಂಸ್ಥೆಯೇ ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸಲು ಪ್ರಾರಂಭಿಸಿತು.

ಹೀಗೆ ಎಂಜಿನಿಯರುಗಳ ಕೈಯಲ್ಲಿದ್ದ ಯಂತ್ರವು ಗೃಹಸ್ಥರ ಕೈಗೆ ಬಂದಿತು. ಅದರ ಸೂಕ್ಷ್ಮತೆಯು ಮಾತ್ರ ಕಡಿಮೆಯಾಗಲಿಲ್ಲ. ವಿ.ಎಚ್.ಎಸ್. ಯಂತ್ರದ ಒಳಭಾಗವನ್ನು ಸ್ವಲ್ಪ ನೋಡೋಣ. ಕ್ಯಾಸೆಟ್ಟಿನೊಳಗೆ ಅರ್ಧ ಅಂಗುಲ ಅಗಲದ ತೆಳು ಪ್ಲಾಸ್ಟಿಕ್ ಟೇಪು. ಅದರ ಮೈಗೆ ಕಾಂತಗುಣವುಳ್ಳ ನುಣುಪಾದ ಲೇಪ. ಕ್ಯಾಸೆಟ್ಟನ್ನು ಒಳಗಿಟ್ಟು ಯಂತ್ರವನ್ನು ನಡೆಸಿದಾಗ ಎರಡು ತೋಳುಗಳು ಟೇಪನ್ನು ಹೊರಗೆಳೆದು ಹೊಳೆಯುವ ಲೋಹದ ಉರುಳೆಯೊಂದಕ್ಕೆ ಸುತ್ತುತ್ತವೆ. ಈ ಉರುಳೆಯ ವ್ಯಾಸ 62 ಮಿಲಿಮೀಟರು. ಅದು ಕೊಂಚ ವಾಲಿಕೊಂಡು, ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಉರುಳೆಯ ಅಂಚಿನಲ್ಲಿ ಹೆಡ್ಡು ಎಂದು ಕರೆಯುವ ಅತಿ ಚಿಕ್ಕ ಕಾಂತಗಳಿರುತ್ತವೆ. ಟೇಪು ಸೆಕೆಂಡಿಗೆ ಸುಮಾರು 23 ಮಿಲಿಮೀಟರು ಮಾತ್ರ ತೆವಳುತ್ತಿದ್ದರೆ, ಹೆಡ್ಡು ಅದರ ಮೇಲೆ ಸೆಕೆಂಡಿಗೆ ಐದು ಮೀಟರಿಗೆ ಸಮೀಪದ ವೇಗದಲ್ಲಿ ಓರೆಯಾಗಿ ಹಾಯುತ್ತದೆ. ಹೀಗೆ ಬರೆದ ಒಂದೊಂದು ಗೆರೆಯ ಅಗಲವು ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಆ ಗೆರೆಯನ್ನು ಮತ್ತೆ ಓದುವಾಗ ಹೆಡ್ಡು ಅದೇ ದಾರಿಯಲ್ಲಿ ಸಾಗಬೇಕು. ಕೊಂಚ ತಪ್ಪಿದರೂ ಚಿತ್ರ ಕದಡುತ್ತದೆ.

ಈ ವಿವರದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ರೇಡಿಯೋದಲ್ಲಿ ಚಲಿಸುವ ಭಾಗಗಳು ಅತಿ ಕಡಿಮೆ, ವಿ.ಸಿ.ಆರ್.ನಲ್ಲಿ ಚಲನೆಯೇ ಜೀವಾಳ. ಎಲ್ಲಿ ಚಲನೆಯೋ ಅಲ್ಲಿ ಸವೆತ. ಟೇಪನ್ನು ಒತ್ತಿ ನಡೆಸುವ ರಬ್ಬರಿನ ಗಾಲಿ ಕಾಲಕ್ರಮದಲ್ಲಿ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ರಬ್ಬರಿನ ಬೆಲ್ಟುಗಳು ಸಡಿಲವಾಗುತ್ತವೆ. ಟೇಪಿನ ಲೇಪದ ಪುಡಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಹೆಡ್ಡು ಸವೆದು ಹೋಗುತ್ತದೆ. ಬಳಸಿದವರು ಹೇಳುತ್ತಿದ್ದ ದೂರುಗಳೆಲ್ಲವೂ ಬಹುಮಟ್ಟಿಗೆ ಇವುಗಳಿಂದ ಹುಟ್ಟಿದವು: “ತೆರೆಯ ತುಂಬ ಬಿಳಿಯ ಚುಕ್ಕೆಗಳು”, “ಹಿಂದಕ್ಕೆ ಸುತ್ತುವಾಗ ನಡುವೆಯೇ ನಿಲ್ಲುತ್ತದೆ”, “ಕ್ಯಾಸೆಟ್ಟನ್ನೇ ನುಂಗಿತು”. ಈ ಕೊನೆಯ ದೂರು ಎಲ್ಲಕ್ಕಿಂತ ಕಹಿಯಾದುದು. ಟೇಪು ಯಂತ್ರದ ಸಂದಿನಲ್ಲಿ ಸಿಕ್ಕಿ ನಜ್ಜುಗುಜ್ಜಾದರೆ ಕೆಡುವುದು ಯಂತ್ರವೊಂದೇ ಅಲ್ಲ. ಮಗಳ ಮದುವೆಯ ಚಿತ್ರವೂ ಅದರೊಡನೆ ಕೆಡಬಹುದು.

ನಮ್ಮ ದೇಶದಲ್ಲಿ 1982ರಲ್ಲಿ, ದೆಹಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದ ವರ್ಷ, ವರ್ಣ ದೂರದರ್ಶನವು ಪ್ರಾರಂಭವಾಯಿತು. ಆ ದಶಕದಲ್ಲಿಯೇ ವಿ.ಸಿ.ಆರ್. ನಗರಗಳಿಂದ ಊರುಗಳಿಗೆ ಹರಡಿತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಅದನ್ನು ಹೊತ್ತು ತರುತ್ತಿದ್ದರು. ಕೊಳ್ಳಲಾರದವರು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತಂದು, ನೆರೆಹೊರೆಯವರನ್ನೆಲ್ಲ ಕೂಡಿಸಿಕೊಂಡು, ಬೆಳಗಾಗುವವರೆಗೆ ಎರಡು ಮೂರು ಚಿತ್ರಗಳನ್ನು ನೋಡುತ್ತಿದ್ದರು. ಜಪಾನಿನ ಅಥವಾ ಅಮೆರಿಕದ ಮನೆಯೊಂದರಲ್ಲಿ ದಿನಕ್ಕೆ ಒಂದೆರಡು ಗಂಟೆ ನಡೆಯಲೆಂದು ಮಾಡಿದ ಯಂತ್ರವು ಇಲ್ಲಿ ಇರುಳಿಡೀ ದುಡಿಯಿತು. ಸೈಕಲ್ಲಿನ ಮೇಲೆ ಮನೆಯಿಂದ ಮನೆಗೆ ಸವಾರಿ ಹೋಯಿತು. ವಿದ್ಯುತ್ತಿನ ಒತ್ತಡ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದುದರಿಂದ ಹಲವರು ಸ್ಟೆಬಿಲೈಸರನ್ನೂ ಕೊಳ್ಳಬೇಕಾಯಿತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುವುದು ಸಹಜ. ಅಂತಹ ಒಂದು ಬಾಡಿಗೆಯ ಕ್ಯಾಸೆಟ್ಟು ಹತ್ತು ಮನೆ ಸುತ್ತಿದರೆ ಹತ್ತು ಯಂತ್ರಗಳ ಹೆಡ್ಡುಗಳೂ ಕೊಳೆಯಾಗುತ್ತಿದ್ದವು.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಒಂದೇ ಬೀದಿಯ ಇಬ್ಬರು ಒಂದೇ ಮಾದರಿಯ ಯಂತ್ರವನ್ನು ಕೊಂಡರೆಂದು ಭಾವಿಸಿ. ಮೊದಲನೆಯವರು, “ಹನ್ನೆರಡು ವರ್ಷ ನಡೆಯಿತು; ಒಂದು ದಿನವೂ ಕೈಕೊಡಲಿಲ್ಲ” ಎನ್ನುತ್ತಾರೆ. ಎರಡನೆಯವರು, “ಆರು ತಿಂಗಳಲ್ಲಿ ಮೂರು ಸಲ ದುರಸ್ತಿಗೆ ಹೋಯಿತು, ಅದರ ಹೆಸರೆತ್ತಬೇಡಿ” ಎನ್ನುತ್ತಾರೆ. ಇವರಲ್ಲಿ ಸುಳ್ಳಾಡಿದವರು ಯಾರು? ಇಬ್ಬರೂ ಅಲ್ಲ. ಇಬ್ಬರೂ ತಮ್ಮ ಮನೆಯಲ್ಲಿ ನಡೆದುದನ್ನೇ ಹೇಳಿದರು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಈ ಮಾತು ಸತ್ಯ. ಏಕೆಂದರೆ ಒಂದು ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ, ಒಂದೇ ಹೊತ್ತು ಬೆಂದಿರುತ್ತವೆ. ಒಂದೇ ಕಾರ್ಖಾನೆಯಿಂದ ಹೊರಟ ಯಂತ್ರಗಳಾದರೋ ಬೇರೆ ಬೇರೆ ಮನೆಗಳನ್ನು ಸೇರುತ್ತವೆ. ಒಂದರ ಪಾಲಿಗೆ ಶುದ್ಧವಾದ ಕೋಣೆ, ಹೊಸ ಕ್ಯಾಸೆಟ್ಟುಗಳು, ಮಿತವಾದ ದುಡಿಮೆ; ಇನ್ನೊಂದರ ಪಾಲಿಗೆ ಧೂಳು, ತೇವ, ಸವೆದ ಕ್ಯಾಸೆಟ್ಟುಗಳು, ಬಿಡುವಿಲ್ಲದ ದುಡಿಮೆ. ಇದಲ್ಲದೆ ಕಾರ್ಖಾನೆಯಲ್ಲಿಯೇ ಸಾವಿರದಲ್ಲಿ ಕೆಲವು ಯಂತ್ರಗಳು ಹುಟ್ಟಿನಿಂದಲೇ ದೋಷ ಹೊತ್ತು ಬರುತ್ತವೆ. ಇಂತಹ ಪಾತ್ರೆಯಿಂದ ಒಂದು ಅಗುಳನ್ನು ತೆಗೆದು ಅನ್ನವೆಲ್ಲ ಹೀಗೆಯೇ ಎಂದು ತೀರ್ಮಾನಿಸಲಾಗದು.

ಹಾಗಾದರೆ ಹೆಚ್ಚು ಜನರ ಮಾತು ಕೇಳಿದರೆ ಸಾಕಲ್ಲವೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೂ ಎಚ್ಚರ ಬೇಕು. ಯಂತ್ರ ಕೆಟ್ಟವನು ಹತ್ತು ಜನರಿಗೆ ಹೇಳಿಕೊಳ್ಳುತ್ತಾನೆ. ಚೆನ್ನಾಗಿ ನಡೆಯುತ್ತಿರುವವನು ಅದನ್ನು ನೆನೆಯುವುದೂ ಇಲ್ಲ. ದುರಸ್ತಿ ಮಾಡುವವನ ಕಣ್ಣಿಗೆ ಬೀಳುವುವು ಕೆಟ್ಟ ಯಂತ್ರಗಳು ಮಾತ್ರ. ಇನ್ನು ಕೆಲವರು, ಹೆಚ್ಚು ಹಣ ತೆತ್ತು ತಂದ ಯಂತ್ರವನ್ನು ಹಳಿಯುವುದೆಂದರೆ ತಮ್ಮ ಬುದ್ಧಿಯನ್ನೇ ಹಳಿದಂತಾಗುವುದೆಂದು ಅದರ ದೋಷಗಳನ್ನು ಮುಚ್ಚಿಡುತ್ತಾರೆ. ಮೂವತ್ತು ವರ್ಷ ಕಳೆದರೂ ನಡೆಯುತ್ತಿರುವ ಯಂತ್ರವೊಂದನ್ನು ತೋರಿಸಿ, “ಹಿಂದಿನ ಕಾಲದ ಸಾಮಾನೆಂದರೆ ಹೀಗಿತ್ತು” ಎನ್ನುವವರೂ ಉಂಟು. ಆ ಕಾಲದಲ್ಲಿಯೇ ಕೆಟ್ಟು ಗುಜರಿ ಸೇರಿದವುಗಳು ಸಾಕ್ಷಿ ಹೇಳಲು ಉಳಿದಿಲ್ಲವೆಂಬುದು ಅವರ ನೆನಪಿಗೆ ಬರುವುದಿಲ್ಲ.

ಹೆಸರಿನ ಮೋಹವೂ ತೀರ್ಪನ್ನು ಕೆಡಿಸುತ್ತದೆ. 1977ರಲ್ಲಿ ಅಮೆರಿಕದ ಆರ್.ಸಿ.ಎ. ಸಂಸ್ಥೆಯು ತನ್ನ ಹೆಸರಿನಲ್ಲಿ ಮಾರಿದ ವಿ.ಎಚ್.ಎಸ್. ಯಂತ್ರವನ್ನು ತಯಾರಿಸಿಕೊಟ್ಟುದು ಜಪಾನಿನ ಮತ್ಸುಶಿತ ಸಂಸ್ಥೆ. ಅದೇ ಕಾಲದಲ್ಲಿ ಜೆನಿತ್ ಎಂಬ ಹೆಸರಿನಲ್ಲಿ ಮಾರಾಟವಾದ ಬೀಟಾಮ್ಯಾಕ್ಸ್ ಯಂತ್ರವನ್ನು ತಯಾರಿಸಿದುದು ಸೋನಿ. ಹೊರಗಿನ ಫಲಕ ಬೇರೆ, ಒಳಗಿನ ಯಂತ್ರ ಒಂದೇ ಆಗಿದ್ದಾಗ, “ಆ ಹೆಸರಿನದು ಬೇಡ, ಈ ಹೆಸರಿನದು ಬಹಳ ಬಾಳಿಕೆಯದು” ಎಂಬ ಮಾತಿಗೆ ಅರ್ಥ ಉಳಿಯುವುದು ಕಷ್ಟ.

ಬಳಕೆದಾರರ ಅನುಭವವನ್ನು ಹಾಗಾದರೆ ತಳ್ಳಿಹಾಕಬೇಕೆ? ಎಷ್ಟು ಮಾತ್ರಕ್ಕೂ ಕೂಡದು. ಯಂತ್ರದ ಬಾಳಿಕೆಯನ್ನು ತಿಳಿಯಲು ಅದಕ್ಕಿಂತ ಉತ್ತಮವಾದ ಆಧಾರ ಬೇರೊಂದಿಲ್ಲ. ಪ್ರಯೋಗಶಾಲೆಯವರು ಒಂದೆರಡು ಯಂತ್ರಗಳನ್ನು ಕೆಲವು ವಾರ ಪರೀಕ್ಷಿಸಿ ಚಿತ್ರದ ಗುಣವನ್ನು ಹೇಳಬಲ್ಲರು. ಐದು ವರ್ಷಗಳ ಬಾಳನ್ನು ಹೇಳಲಾರರು. ಅನುಭವವನ್ನು ಕ್ರಮವಾಗಿ ಕೂಡಿಹಾಕಿ ಲೆಕ್ಕಕ್ಕೆ ತರಬೇಕು. ಈ ಕೆಲಸಕ್ಕೆ ಹೆಸರಾದುದು ಅಮೆರಿಕದಲ್ಲಿ 1936ರಲ್ಲಿ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಹೆಸರಿನಿಂದ ಸ್ಥಾಪಿತವಾದ ಬಳಕೆದಾರರ ಸಂಸ್ಥೆ. ಅದರ ಪತ್ರಿಕೆಯು ಜಾಹೀರಾತುಗಳನ್ನು ಸ್ವೀಕರಿಸುವುದಿಲ್ಲ. ಪರೀಕ್ಷಿಸಬೇಕಾದ ವಸ್ತುಗಳನ್ನು ಅಂಗಡಿಯಿಂದ ಹಣ ಕೊಟ್ಟೇ ತರುತ್ತದೆ. ಜೊತೆಗೆ ತನ್ನ ಚಂದಾದಾರರಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ಯಾವ ಯಂತ್ರವನ್ನು ಯಾವಾಗ ಕೊಂಡಿರಿ, ದುರಸ್ತಿಗೆ ಹೋಯಿತೇ, ಎಂದು ಕೇಳಿ ಸಾವಿರಾರು ಉತ್ತರಗಳನ್ನು ಕೂಡಿಸುತ್ತದೆ. ಇಂಗ್ಲೆಂಡಿನಲ್ಲಿಯೂ 1957ರಲ್ಲಿ ಇಂತಹದೇ ಸಂಸ್ಥೆಯೊಂದು ಹುಟ್ಟಿಕೊಂಡಿತು.

ಲೆಕ್ಕದಿಂದ ಆಗುವ ಉಪಕಾರವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಊರಿನಲ್ಲಿ ‘ಅ’ ಮಾದರಿಯ ಯಂತ್ರಗಳು 1,000, ‘ಆ’ ಮಾದರಿಯವು 100 ಮಾರಾಟವಾದುವೆಂದು ಇಟ್ಟುಕೊಳ್ಳೋಣ. ಮೂರು ವರ್ಷಗಳಲ್ಲಿ ‘ಅ’ ಮಾದರಿಯವು 50, ‘ಆ’ ಮಾದರಿಯವು 20 ಕೆಟ್ಟವು. ಊರಿನ ತುಂಬ ಕೇಳಿಬರುವ ದೂರು ‘ಅ’ ಮಾದರಿಯದೇ. ದುರಸ್ತಿಯ ಅಂಗಡಿಯಲ್ಲಿ ಸಾಲುಗಟ್ಟಿ ಕುಳಿತಿರುವುವೂ ಅವೇ. ಆದರೆ ನೂರಕ್ಕೆ ಎಷ್ಟು ಎಂದು ನೋಡಿದರೆ ‘ಅ’ ಮಾದರಿಯಲ್ಲಿ ಕೆಟ್ಟವು 5. ‘ಆ’ ಮಾದರಿಯಲ್ಲಿ 20. ಕಿವಿಗೆ ಕೆಟ್ಟದೆಂದು ತೋರಿದ್ದು ಲೆಕ್ಕಕ್ಕೆ ಒಳ್ಳೆಯದಾಯಿತು.

ಯಂತ್ರಗಳ ಬಾಳನ್ನು ಲೆಕ್ಕವಿಟ್ಟು ನೋಡಿದವರು ಇನ್ನೂ ಒಂದು ವಿಷಯವನ್ನು ಕಂಡುಕೊಂಡಿದ್ದಾರೆ. ಮನುಷ್ಯನಂತೆ ಯಂತ್ರಕ್ಕೂ ಮೂರು ಅವಸ್ಥೆಗಳುಂಟು. ಹೊಸತರಲ್ಲಿ ಕೆಲವು ಯಂತ್ರಗಳು ಹುಟ್ಟುದೋಷದಿಂದ ಬೇಗನೆ ಕೆಡುತ್ತವೆ. ಅನಂತರ ಬಹುಕಾಲ ಕೆಡುವುದು ಅಪರೂಪ. ಕೊನೆಯಲ್ಲಿ ಸವೆತದಿಂದ ಮತ್ತೆ ಕೆಡಲಾರಂಭಿಸುತ್ತವೆ. ತಯಾರಕರು ಕೊಡುವ ಗ್ಯಾರಂಟಿಯ ಅವಧಿಯು ಮುಖ್ಯವಾಗಿ ಮೊದಲ ಅವಸ್ಥೆಗೆ ಸಂಬಂಧಿಸಿದ್ದು. ಆದುದರಿಂದ ಹೊಸ ಯಂತ್ರವನ್ನು ಪೆಟ್ಟಿಗೆಯಲ್ಲಿಯೇ ಮುಚ್ಚಿಡದೆ, ಗ್ಯಾರಂಟಿ ಇರುವಾಗಲೇ ಅದರ ಎಲ್ಲ ಕೆಲಸಗಳನ್ನೂ ಪರೀಕ್ಷಿಸಿ ನೋಡುವುದು ಜಾಣತನ.

ಅನುಭವವನ್ನು ಹೇಳುವುದು ಹಕ್ಕೂ ಹೌದು. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ತಮ್ಮ ದೇಶದ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಬಳಕೆದಾರರಿಗೆ ನಾಲ್ಕು ಹಕ್ಕುಗಳಿವೆಯೆಂದು ಸಾರಿದರು: ಸುರಕ್ಷತೆ, ಮಾಹಿತಿ, ಆಯ್ಕೆ, ಮತ್ತು ತಮ್ಮ ಮಾತಿಗೆ ಕಿವಿಗೊಡಲೆಂದು ಕೇಳುವ ಹಕ್ಕು. ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ಈಗ 2019ರ ಕಾಯಿದೆ ಜಾರಿಯಲ್ಲಿದೆ. ವಸ್ತುವಿನ ದೋಷಕ್ಕಾಗಲಿ ಸೇವೆಯ ಕೊರತೆಗಾಗಲಿ ಪರಿಹಾರ ಕೇಳಲು ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಹಂತಗಳ ಆಯೋಗಗಳಿವೆ. ಅಲ್ಲಿ ನಿಲ್ಲುವುದು ಕೋಪದ ಮಾತಲ್ಲ, ಆಧಾರ. ಕೊಂಡ ರಸೀದಿ, ಗ್ಯಾರಂಟಿ ಪತ್ರ, ಕೆಟ್ಟ ದಿನ, ದುರಸ್ತಿಯ ಚೀಟಿ ಇವುಗಳನ್ನು ಜೋಪಾನವಾಗಿಟ್ಟವನ ಅನುಭವವು ಸಾಕ್ಷ್ಯವಾಗುತ್ತದೆ. ಇಡದವನದು ಬರಿಯ ಗೋಳಾಗಿ ಉಳಿಯುತ್ತದೆ.

ವಿ.ಸಿ.ಆರ್.ನ ಕಥೆಯ ಕೊನೆಯ ಭಾಗವೂ ನಮಗೆ ಪಾಠವಾಗಿದೆ. 1970ರ ದಶಕದ ಕೊನೆಯಲ್ಲಿ ಸುಮಾರು ಸಾವಿರ ಡಾಲರು ಬಾಳುತ್ತಿದ್ದ ಯಂತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿದು ಹತ್ತರಲ್ಲೊಂದು ಪಾಲಿಗೂ ಇಳಿಯಿತು. ಬೆಲೆ ಇಳಿದಂತೆ ದಪ್ಪ ಲೋಹದ ಭಾಗಗಳ ಜಾಗದಲ್ಲಿ ಹಗುರವಾದ ಪ್ಲಾಸ್ಟಿಕ್ ಭಾಗಗಳು ಬಂದವು. ದುರಸ್ತಿಯ ಕೂಲಿಗಿಂತ ಹೊಸ ಯಂತ್ರವೇ ಅಗ್ಗವೆನಿಸಿದಾಗ ಜನರು ಕೆಟ್ಟುದನ್ನು ಎಸೆಯತೊಡಗಿದರು. ಅಷ್ಟರಲ್ಲಿ ಡಿ.ವಿ.ಡಿ. ತಟ್ಟೆಗಳು ಬಂದು ಟೇಪಿನ ಕಾಲ ಮುಗಿಯಿತು. 2002ರಲ್ಲಿ ಬೀಟಾಮ್ಯಾಕ್ಸ್ ಯಂತ್ರಗಳ ತಯಾರಿಕೆ ನಿಂತಿತು. 2016ರಲ್ಲಿ ಜಪಾನಿನ ಫುನಾಯ್ ಸಂಸ್ಥೆಯೂ ವಿ.ಎಚ್.ಎಸ್. ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಆ ಹೊತ್ತಿಗೆ ಅವುಗಳನ್ನು ಮಾಡುತ್ತಿದ್ದ ಕೊನೆಯ ಹೆಸರಾಂತ ಸಂಸ್ಥೆ ಅದು.

ಆದರೆ ಕ್ಯಾಸೆಟ್ಟುಗಳು ಮನೆಗಳಲ್ಲಿ ಉಳಿದಿವೆ. ಮದುವೆ, ನಾಮಕರಣ, ಗತಿಸಿದ ಅಜ್ಜ ಅಜ್ಜಿಯರ ನಡೆ ನುಡಿ ಅವುಗಳಲ್ಲಿ ಅಡಗಿವೆ. ತೇವಕ್ಕೆ ಟೇಪಿನ ಲೇಪವು ಮೆಲ್ಲಮೆಲ್ಲನೆ ಸಡಿಲವಾಗುತ್ತಿದೆ; ಅದನ್ನು ಓದಬಲ್ಲ ಯಂತ್ರಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಆದುದರಿಂದ ಅಂತಹ ಕ್ಯಾಸೆಟ್ಟುಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರು ತಡಮಾಡಬಾರದು; ನೆನಪನ್ನು ಒಂದೇ ಯಂತ್ರದ ಕೈಗೆ ಒಪ್ಪಿಸಿ ನಿಶ್ಚಿಂತರಾಗಿ ಇರಬಾರದು. ಹಳೆಯ ಯಂತ್ರವೊಂದನ್ನು ನಂಬಿ ಅದರೊಳಗೆ ಕ್ಯಾಸೆಟ್ಟನ್ನು ಇಡುವ ಮೊದಲು, ಬೇಡವಾದ ಬೇರೊಂದು ಕ್ಯಾಸೆಟ್ಟನ್ನು ಹಾಕಿ ಪರೀಕ್ಷಿಸುವುದು ಲೇಸು.

ಇಂದು ಕೈಯಲ್ಲಿರುವ ಯಂತ್ರ ಬೇರೆ, ಪ್ರಶ್ನೆ ಅದೇ. ಮೊಬೈಲಾಗಲಿ, ಮಿಕ್ಸಿಯಾಗಲಿ, ಪಂಪುಸೆಟ್ಟಾಗಲಿ, ಕೊಳ್ಳುವ ಮೊದಲು ನಾವು ಬಳಸಿದವರನ್ನು ಕೇಳುತ್ತೇವೆ. ಕೇಳುವಾಗ ಎಷ್ಟು ಕಾಲ ಬಳಸಿದಿರಿ, ದಿನಕ್ಕೆ ಎಷ್ಟು ಹೊತ್ತು, ಯಾವ ಭಾಗ ಕೆಟ್ಟಿತು, ದುರಸ್ತಿಗೆ ಎಷ್ಟಾಯಿತು ಎಂದು ಕೇಳೋಣ. ನಮ್ಮನ್ನು ಇತರರು ಕೇಳಿದಾಗಲೂ ಇಷ್ಟನ್ನು ಹೇಳೋಣ. ಕೋಪದಿಂದ ಹೆಚ್ಚಿಸದೆ, ಅಭಿಮಾನದಿಂದ ಮುಚ್ಚಿಡದೆ ಹೇಳಿದ ಒಬ್ಬನ ಅನುಭವವು ಒಂದೇ ಅಗುಳಾದರೂ ಹುಸಿಯಲ್ಲದ ಅಗುಳು. ಅಂತಹವು ನೂರಾರು ಕೂಡಿದಾಗಲೇ, ದುಡಿದ ಹಣವನ್ನು ಹಿಡಿದು ಅಂಗಡಿಯ ಮುಂದೆ ನಿಂತಿರುವ ಮತ್ತೊಬ್ಬನಿಗೆ ದಾರಿ ಕಾಣುತ್ತದೆ.

ಅಭ್ಯಾಸ

1. ವಿ.ಸಿ.ಆರ್. ರೇಡಿಯೋಗಿಂತ ಬೇಗ ಕೆಡುವ ಯಂತ್ರವಾಗಲು ಕಾರಣವೇನು?

2. ‘ಒಂದು ಅಗುಳು ಸಾಕು’ ಎಂಬ ಮಾತು ಅನ್ನಕ್ಕೆ ಒಪ್ಪುತ್ತದೆ, ಯಂತ್ರಗಳಿಗೆ ಒಪ್ಪುವುದಿಲ್ಲ. ಏಕೆ?

3. ಲೇಖಕರು ಕೊಟ್ಟಿರುವ ‘ಅ’ ಮತ್ತು ‘ಆ’ ಮಾದರಿಗಳ ಲೆಕ್ಕವನ್ನು ನಿಮ್ಮ ಮಾತಿನಲ್ಲಿ ವಿವರಿಸಿರಿ.

4. ಬಳಕೆದಾರರ ಅನುಭವವು ಸಾಕ್ಷ್ಯವಾಗಬೇಕಾದರೆ ಯಾವ ಯಾವ ದಾಖಲೆಗಳು ಬೇಕು?

5. ನಿಮ್ಮ ಮನೆಯಲ್ಲಿರುವ ಯಾವುದಾದರೂ ಒಂದು ಯಂತ್ರದ ಬಾಳಿಕೆಯನ್ನು ಕುರಿತು ಹಿರಿಯರನ್ನು ವಿಚಾರಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.